ಕೋರ್ಟು ಎದ್ದ ಮೇಲೂ ತಲೆಯಲ್ಲಿ ನಡೆಯುವ ಕೇಸು

(ಜಿಲ್ಲಾ ವಕೀಲರ ಸಂಘವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರಿಗೆ, ಸಹೋದ್ಯೋಗಿಗಳಿಗೆ, ಮುಖ್ಯವಾಗಿ ಹಿಂದಿನ ಸಾಲಿನಲ್ಲಿ ಕೂತಿರುವ ಜೂನಿಯರುಗಳಿಗೆ ನಮಸ್ಕಾರ.

ಸಂಘದವರು ನನಗೆ ಕೊಟ್ಟ ವಿಷಯ ವಕೀಲರ ಮಾನಸಿಕ ಆರೋಗ್ಯ. ಅದು ಬಹಳ ದೊಡ್ಡ ವಿಷಯ. ಅದರಲ್ಲಿ ಒಂದು ತುಂಡು ಮಾತ್ರ ಇವತ್ತು ಕೈಗೆತ್ತಿಕೊಳ್ಳುತ್ತೇನೆ. ಸಂಜೆ ಕಪ್ಪು ಕೋಟು ಬಿಚ್ಚಿ ಮನೆಗೆ ಹೋದ ಮೇಲೂ ಕೇಸು ನಮ್ಮ ತಲೆಯಿಂದ ಯಾಕೆ ಇಳಿಯುವುದಿಲ್ಲ, ಇಳಿಸುವುದು ಹೇಗೆ? ನಾನು ವೈದ್ಯನಲ್ಲ. ನಿಮ್ಮ ಹಾಗೆಯೇ ಸಿವಿಲ್ಲು, ಕ್ರಿಮಿನಲ್ಲು, ಮೋಟಾರು ಅಪಘಾತ ಪರಿಹಾರ ಎಲ್ಲವನ್ನೂ ನಡೆಸುವ ವಕೀಲ. ಹಾಗಾಗಿ ನಮ್ಮ ಕೆಲಸದ ಒಳಗಿನಿಂದಲೇ ಮಾತಾಡುತ್ತೇನೆ.

"ಸುಮ್ನೆ ಫೋನ್ ಆಫ್ ಮಾಡಿ ಮಲಗಿ ಸಾರ್" ಅಂತ ನಮಗೆ ಹೇಳುವವರು ಬಹಳ ಜನ. ಮನೆಯವರೂ ಹೇಳುತ್ತಾರೆ, ಯೋಗ ಶಿಬಿರದವರೂ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಈ ಮಾತು ನಮಗೆ ತಾಗುವುದಿಲ್ಲ. ಯಾಕೆಂದರೆ ನಮ್ಮ ಆತಂಕಕ್ಕೆ ಕಾರಣ ಇದೆ. ಚೆಕ್ ಬೌನ್ಸ್ ಕೇಸನ್ನೇ ತೆಗೆದುಕೊಳ್ಳಿ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಚೆಕ್ ಕೊಟ್ಟವನಿಗೆ 15 ದಿನ. ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು ಹಾಕಬೇಕು. ಸಿವಿಲ್ ದಾವೆಯಲ್ಲಿ ಲಿಖಿತ ಹೇಳಿಕೆಗೆ 30 ದಿನ, ಹೆಚ್ಚೆಂದರೆ 90. ವಾಣಿಜ್ಯ ದಾವೆಯಾದರೆ 120 ದಿನ ದಾಟಿತೋ, ಬಾಗಿಲು ಮುಚ್ಚಿತು. ಆರೋಪಿ ಒಳಗಿದ್ದು ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ 60ನೇ ದಿನವೋ 90ನೇ ದಿನವೋ ಮುಗಿಯುವುದನ್ನು ಎಣಿಸುತ್ತಾ ಕೂತಿರಬೇಕು, ಆಮೇಲೆ ಅವನಿಗೆ ಜಾಮೀನು ಕೇಳುವ ಹಕ್ಕು ಬರುತ್ತದೆ. ಒಂದು ದಿನ ನಾವು ಮರೆತರೆ ಹೋಗುವುದು ಬೇರೆಯವರ ಜಮೀನು, ಬೇರೆಯವರ ಹಣ, ಬೇರೆಯವರ ಮಗನ ಜಾಮೀನು. ಇಂಥ ಕೆಲಸ ಮಾಡುವವರ ಮನಸ್ಸು ರಾತ್ರಿ ಕಾವಲು ಕೂರುವುದರಲ್ಲಿ ಆಶ್ಚರ್ಯ ಇಲ್ಲ. ಅದು ನಿಮ್ಮ ದೌರ್ಬಲ್ಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇದರ ಮೇಲೆ 2024ರ ಜುಲೈ 1 ಬಂತು. ಅಂದಿನಿಂದ ಕ್ರಿಮಿನಲ್ ಕಡೆ ಮೂರೂ ಕಾನೂನು ಹೊಸದು: ಅಪರಾಧ, ಶಿಕ್ಷೆ ಹೇಳುವ ಐಪಿಸಿ ಹೋಗಿ ಬಿಎನ್‌ಎಸ್, ಕೇಸು ನಡೆಸುವ ಕ್ರಮ ಹೇಳುವ ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್, ಸಾಕ್ಷ್ಯ ಕಾಯ್ದೆ ಹೋಗಿ ಸಾಕ್ಷ್ಯ ಅಧಿನಿಯಮ. ಕೊಲೆಗೆ 302 ಅಂತ ನಿದ್ದೆಯಲ್ಲೂ ಹೇಳುತ್ತಿದ್ದವರು ಈಗ 103 ಅನ್ನಬೇಕು. ವಂಚನೆಯ 420 ಹೋಗಿ 318(4) ಆಯಿತು. ಎಲ್ಲಕ್ಕಿಂತ ಕಾಡುವುದು 482. ಹಳೆಯ ಸಿಆರ್‌ಪಿಸಿಯಲ್ಲಿ 482 ಅಂದರೆ ಹೈಕೋರ್ಟಿನಲ್ಲಿ ಕ್ವಾಶ್ ಮಾಡಿಸುವುದು, ಅಂದರೆ ಕೇಸನ್ನೇ ರದ್ದು ಮಾಡಿಸುವುದು. ಬಿಎನ್‌ಎಸ್‌ಎಸ್‌ನಲ್ಲಿ 482 ಅಂದರೆ ನಿರೀಕ್ಷಣಾ ಜಾಮೀನು, ಕ್ವಾಶ್ 528ಕ್ಕೆ ಹೋಗಿದೆ. ಹಳೆಯ ಕೇಸುಗಳು ಹಳೆಯ ಕಾನೂನಿನಲ್ಲೇ ನಡೆಯುತ್ತಿವೆ. ಅಂದರೆ ಎರಡೂ ತಲೆಯಲ್ಲಿರಬೇಕು. ಮೂವತ್ತು ವರ್ಷ ಪ್ರಾಕ್ಟೀಸ್ ಮಾಡಿದ ಹಿರಿಯರು ಬೆಳಗಿನ ಜಾವ ಎದ್ದು ಬೇರ್ ಆಕ್ಟ್ (ಕಾಯ್ದೆಯ ಮೂಲ ಪಾಠ) ಓದುತ್ತಾರೆ. ಅವರ ಮೇಲೆ ನನಗೆ ಅಪಾರ ಗೌರವ. ಆದರೆ ಆ ದಣಿವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅಲ್ವಾ?

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ದೇಶದ ಜಿಲ್ಲಾ, ತಾಲ್ಲೂಕು ಕೋರ್ಟುಗಳಲ್ಲಿ ಬಾಕಿ ಇರುವ ಕೇಸುಗಳು 4 ಕೋಟಿ ದಾಟಿವೆ. ಅವುಗಳಲ್ಲಿ ಬಹುಪಾಲು ಯಾರೋ ವಕೀಲರ ತಲೆಯಲ್ಲಿ ಅರ್ಧಕ್ಕೆ ನಿಂತ ಕೆಲಸ. ಬಡಗಿ ಸಂಜೆ ಬಾಗಿಲು ಕೂರಿಸಿ ಮನೆಗೆ ಹೋಗುತ್ತಾನೆ. ನಮಗೆ ಹಾಗೆ ಮುಗಿಸಿದೆ ಅನ್ನುವ ದಿನವೇ ಸಿಗುವುದಿಲ್ಲ. ಪಾಲಿನ ದಾವೆ ಹಾಕಿಸಿದವರು ತೀರಿಹೋಗಿ, ಅವರ ವಾರಸುದಾರರು ರೆಕಾರ್ಡಿಗೆ ಬಂದು, ಆಮೇಲೂ ಕೇಸು ನಡೆಯುತ್ತದೆ. ಹಾಗಾಗಿ ಕೇಸು ಮುಗಿದ ಮೇಲೆ ನೆಮ್ಮದಿ ಅಂತ ಕಾಯುವುದು ನಮ್ಮ ವೃತ್ತಿಯಲ್ಲಿ ಆಗದ ಮಾತು. ಕೇಸು ಮುಗಿಯದೆ ಇದ್ದರೂ ಆ ದಿನವನ್ನು ಮುಗಿಸುವುದು ಹೇಗೆ ಅನ್ನುವುದನ್ನು ಕಲಿಯಬೇಕು.

ಈ ಬಗ್ಗೆ ಕೆಲಸಕ್ಕೆ ಬರುವ ಎರಡು ಸಂಶೋಧನೆಗಳಿವೆ. ಮಸಿಕಾಂಪೊ ಮತ್ತು ಬೌಮೈಸ್ಟರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 2011ರಲ್ಲಿ ಒಂದು ವಿಷಯ ತೋರಿಸಿದರು. ಅರ್ಧಕ್ಕೆ ಬಿಟ್ಟ ಕೆಲಸ ಬೇರೆ ಕೆಲಸದ ನಡುವೆ ಬಂದು ತಲೆಗೆ ತೊಂದರೆ ಕೊಡುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಯಾವಾಗ, ಹೇಗೆ ಮಾಡುತ್ತೇನೆ ಅಂತ ನಿಖರವಾಗಿ ಗೊತ್ತುಮಾಡಿಕೊಂಡವರಿಗೆ ಆ ಕಾಟ ತಪ್ಪಿತು. ಕೆಲಸ ಆಗಲೂ ಬಾಕಿಯೇ ಇತ್ತು! ಇನ್ನೊಂದು, ಟೆಕ್ಸಾಸಿನ ಬೇಲರ್ ವಿಶ್ವವಿದ್ಯಾಲಯದ್ದು, 2018ರಲ್ಲಿ ಪ್ರಕಟವಾಯಿತು. 57 ಯುವಕ ಯುವತಿಯರನ್ನು ಪ್ರಯೋಗಾಲಯದಲ್ಲಿ ಮಲಗಿಸಿದರು. ಮಲಗುವ ಮುಂಚೆ ಐದು ನಿಮಿಷ ಬರೆಯಬೇಕು. ಕೆಲವರು ಮುಗಿಸಿದ ಕೆಲಸಗಳನ್ನು ಬರೆದರು, ಕೆಲವರು ಮುಂದೆ ಮಾಡಬೇಕಾದ್ದನ್ನು ಬರೆದರು. ಮುಂದಿನದನ್ನು ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು. ಎಷ್ಟು ಬಿಡಿಬಿಡಿಯಾಗಿ ಬರೆದರೋ ಅಷ್ಟು ಬೇಗ. ಸಣ್ಣ ಪ್ರಯೋಗ, ನಿಜ. ಅವರು ವಕೀಲರೂ ಅಲ್ಲ. ಆದರೆ ನಮ್ಮ ಕೈಯಲ್ಲಿ ಆಗಲೇ ಒಂದು ಡೈರಿ ಇದೆಯಲ್ಲ, ಅದಕ್ಕೆ ಇದು ಸರಿಯಾಗಿ ಹೊಂದುತ್ತದೆ.

ನಮ್ಮ ಡೈರಿಯಲ್ಲಿ ಏನಿರುತ್ತದೆ? ಹಿಂದಿನ ತಾರೀಕು, ಕೇಸ್ ನಂಬರು, ಪಾರ್ಟಿಗಳ ಹೆಸರು, ಸ್ಟೇಜು, ಮುಂದಿನ ತಾರೀಕು. "ಪಿಡಬ್ಲ್ಯು 1 ಕ್ರಾಸ್" ಅಂತ, ಅಂದರೆ ವಾದಿಯ ಮೊದಲ ಸಾಕ್ಷಿಯ ಪಾಟೀಸವಾಲು ಅಂತ, ಬರೆದು ಮುಚ್ಚುತ್ತೇವೆ. ಕೋರ್ಟು ಅವತ್ತು ಏನು ಮಾಡುತ್ತದೆ ಅನ್ನುವುದು ಅಲ್ಲಿದೆ. ನಾನು ಅಷ್ಟರೊಳಗೆ ಏನು ಮಾಡಬೇಕು ಅನ್ನುವುದು ಇಲ್ಲ. ಅದು ತಲೆಯಲ್ಲೇ ಉಳಿಯುತ್ತದೆ, ಊಟಕ್ಕೆ ಕೂತಾಗ ಬರುತ್ತದೆ, ಮಗಳು ಶಾಲೆಯ ಸುದ್ದಿ ಹೇಳುವಾಗ ಬರುತ್ತದೆ.

ಅದೇ ಸಾಲಿನ ಕೆಳಗೆ ಹೀಗೆ ಬರೆದು ನೋಡಿ: "ನಾಳೆ ಬೆಳಿಗ್ಗೆ 8ಕ್ಕೆ ಮ್ಯುಟೇಶನ್ ನಕಲು ಓದುವುದು. ಪಾಲುಪಟ್ಟಿಯ ಮೇಲಿನ ಸಹಿ ಬಗ್ಗೆ ಪ್ರಶ್ನೆ ಬರೆಯುವುದು. ಹಳೆಯ ಪಹಣಿ ತರಲು ಪಾರ್ಟಿಗೆ ಗುಮಾಸ್ತರಿಂದ ಫೋನ್." ಮೂರು ಸಾಲು. ಇದರಲ್ಲಿ ಯಾರು, ಯಾವಾಗ, ಯಾವ ಕಾಗದ, ಎಲ್ಲ ಇದೆ. "ಕ್ರಾಸ್‌ಗೆ ತಯಾರಿ" ಅಂತ ಬರೆದರೆ ಪ್ರಯೋಜನ ಇಲ್ಲ. ಅದು ಚಿಂತೆಯನ್ನೇ ಕಾಗದಕ್ಕೆ ಇಳಿಸಿದ ಹಾಗಾಯಿತು, ಅಷ್ಟೇ. ಬರೆದದ್ದನ್ನು ನೋಡಿ ಜೂನಿಯರ್ ಒಬ್ಬರು ನಿಮ್ಮನ್ನು ಕೇಳದೆ ಕೆಲಸ ಶುರು ಮಾಡಬಹುದಾ? ಮಾಡಬಹುದು ಅಂದರೆ ಸರಿಯಾಗಿ ಬರೆದಿದ್ದೀರಿ.

ಎಲ್ಲ ಕೇಸಿಗೂ ಇಷ್ಟು ಬರೆಯಬೇಕಾಗಿಲ್ಲ. ಆಫೀಸು ಮುಚ್ಚುವ ಮುಂಚೆ ಹತ್ತು ನಿಮಿಷ ಕೂತು, ಇವತ್ತು ಯಾವ ಯಾವ ಫೈಲು ಮನಸ್ಸಿನಲ್ಲಿ ಕುಕ್ಕುತ್ತಿದೆಯೋ ಅವುಗಳಿಗೆ ಮಾತ್ರ ಬರೆಯಿರಿ. ಸಾಮಾನ್ಯವಾಗಿ ನಾಲ್ಕೈದು ಇರುತ್ತವೆ. ಕಾಲಮಿತಿ ಇರುವ ಕೇಸುಗಳನ್ನು ಡೈರಿಯ ಜೊತೆಗೆ ಇನ್ನೊಂದು ಕಡೆಯೂ ಬರೆದಿಡಿ, ಗೋಡೆಯ ಕ್ಯಾಲೆಂಡರಿನಲ್ಲೋ ಫೋನಿನಲ್ಲೋ. ಇನ್ನೊಬ್ಬರ ಕಣ್ಣಿಗೂ ಬೀಳುವ ಹಾಗಿರಲಿ. ಆ ಕೊನೆಯ ದಿನವನ್ನು ನಾನೊಬ್ಬನೇ ನೆನಪಿಟ್ಟುಕೊಂಡಿದ್ದೇನೆ ಅನ್ನುವುದೇ ಅರ್ಧ ನಿದ್ದೆ ಕೆಡಿಸುತ್ತದೆ.

ಫೋನಿನ ವಿಷಯ. ರಾತ್ರಿ ಬರುವ ಕರೆಗಳಲ್ಲಿ ಬಹಳಷ್ಟು ಒಂದೇ ಪ್ರಶ್ನೆ: "ಸಾರ್, ನಮ್ಮದು ಇವತ್ತು ಏನಾಯ್ತು?" ಅವರನ್ನು ಬೈಯುವ ಹಾಗಿಲ್ಲ. ಅವರಿಗೆ ಇರುವುದು ಒಂದೇ ಕೇಸು. ಹಗಲಿಡೀ ಅದನ್ನೇ ಯೋಚಿಸುತ್ತಿರುತ್ತಾರೆ. ಕೋರ್ಟು ಎದ್ದ ಕೂಡಲೇ ಗುಮಾಸ್ತರೋ ಜೂನಿಯರೋ ಏನಾಯಿತು, ಮುಂದಿನ ತಾರೀಕು ಯಾವುದು, ಅವರು ಬರಬೇಕಾ ಬೇಡವಾ ಅಂತ ಎರಡು ಸಾಲು ಕಳಿಸಿಬಿಟ್ಟರೆ ಅಂಥ ಕರೆಗಳು ಬಹುಮಟ್ಟಿಗೆ ನಿಂತುಹೋಗುತ್ತವೆ. ಮನೆಯಲ್ಲಿ ಸ್ಮಾರ್ಟ್‌ಫೋನ್ ಬಳಸುವ ಮಗನೋ ಮಗಳೋ ಇದ್ದರೆ ಇ-ಕೋರ್ಟ್ಸ್ ಆ್ಯಪ್ ಹಾಕಿಸಿ, ಪ್ರತಿ ಕೇಸಿಗೂ ಇರುವ 16 ಅಕ್ಷರದ ಸಿಎನ್‌ಆರ್ ನಂಬರು ಬರೆದುಕೊಡಿ. ತಾರೀಕು ಅವರೇ ನೋಡಿಕೊಳ್ಳುತ್ತಾರೆ. ವಕಾಲತ್ತಿಗೆ ಸಹಿ ಹಾಕಿಸುವ ದಿನವೇ ಯಾವ ಹೊತ್ತಿಗೆ ಫೋನ್ ಮಾಡಬೇಕು ಅಂತ ಹೇಳಿಬಿಡಬೇಕು. ಕೇಸು ಅರ್ಧ ನಡೆದ ಮೇಲೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಮೊದಲೇ ಹೇಳಿದರೆ ಶಿಸ್ತಿನ ವಕೀಲರು ಅಂದುಕೊಳ್ಳುತ್ತಾರೆ.

"ರಾತ್ರಿ ಅರೆಸ್ಟ್ ಆದರೆ?" ಅಂತ ಕ್ರಿಮಿನಲ್ ಕಡೆಯವರು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಅಷ್ಟರಲ್ಲಿ ನಾವು ಅಲ್ಲಿರಬೇಕು. ಅದಕ್ಕೆ ಆಫೀಸಿನಲ್ಲಿ ವಾರಕ್ಕೊಬ್ಬರಂತೆ ರಾತ್ರಿ ಫೋನು ಹಿಡಿಯಿರಿ. ಒಬ್ಬರೇ ಪ್ರಾಕ್ಟೀಸ್ ಮಾಡುವವರು ನಂಬುವ ಇಬ್ಬರು ಸ್ನೇಹಿತರ ಜೊತೆ ಇದೇ ಏರ್ಪಾಡು ಮಾಡಿಕೊಳ್ಳಬಹುದು. ವಾರವಿಡೀ ಎಲ್ಲರೂ ಅರೆಎಚ್ಚರದಲ್ಲಿ ಮಲಗುವುದಕ್ಕಿಂತ ಒಬ್ಬರು ಎಚ್ಚರ ಇದ್ದು ಉಳಿದವರು ಚೆನ್ನಾಗಿ ನಿದ್ದೆ ಮಾಡುವುದು ಕಕ್ಷಿದಾರರಿಗೂ ಒಳ್ಳೆಯದು.

ವಿಡಿಯೋ ವಿಚಾರಣೆಯಿಂದ ಅನುಕೂಲ ಆಗಿದೆ, ಅನುಮಾನ ಇಲ್ಲ. ಒಂದು ಐಎಗೆ, ಅಂದರೆ ಕೇಸಿನ ನಡುವೆ ಹಾಕುವ ಅರ್ಜಿಗೆ, ದಿನವಿಡೀ ಪ್ರಯಾಣ ಮಾಡುವುದು ತಪ್ಪಿದೆ. ಆದರೆ ಆ ಬಸ್ಸು, ರೈಲಿನ ಹೊತ್ತು ಎರಡು ಕೆಲಸಗಳ ನಡುವಿನ ಬಿಡುವೂ ಆಗಿತ್ತು. ಈಗ ಒಂದು ಕೋರ್ಟಿನಿಂದ ಇನ್ನೊಂದು ಕೋರ್ಟಿಗೆ ಒಂದು ಕ್ಲಿಕ್ಕು. ಕಳೆದುಹೋದ ಆ ಬಿಡುವನ್ನು ನಾವೇ ಬೇಕಂತ ಹೊಂದಿಸಿಕೊಳ್ಳಬೇಕು. ಆಫೀಸಿನಿಂದ ಮನೆಗೆ ನಡೆದು ಹೋಗುವಷ್ಟು ಹತ್ತಿರ ಇದ್ದವರು ಫೋನು ಜೇಬಿನಲ್ಲಿಟ್ಟು ನಡೆದೇ ಹೋಗಿ.

ಇನ್ನು ನಾನು ಬಹಳ ದಿನದಿಂದ ಹೇಳಬೇಕು ಅಂದುಕೊಂಡಿದ್ದ ವಿಷಯ. ಕೆಲವು ಕೇಸುಗಳು ಕೆಲಸ ಬಾಕಿ ಇದೆ ಅಂತ ತಲೆಯಲ್ಲಿ ಉಳಿಯುವುದಿಲ್ಲ. ನೋವಿನಿಂದ ಉಳಿಯುತ್ತವೆ. ಅವಕ್ಕೆ ಡೈರಿ ಸಾಲದು.

ಮೋಟಾರು ಅಪಘಾತದ ಕ್ಲೇಮು ನೋಡಿ. ಮಗನನ್ನು ಕಳೆದುಕೊಂಡ ತಾಯಿ ಎದುರು ಕೂತಿರುತ್ತಾರೆ. ನಾವು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: "ಮದುವೆ ಆಗಿತ್ತೇನಮ್ಮಾ?" ಕೇಳಲೇಬೇಕು. ಆಗಿಲ್ಲದಿದ್ದರೆ ಅವನ ಸ್ವಂತ ಖರ್ಚು ಅಂತ ಸಾಮಾನ್ಯವಾಗಿ ಆದಾಯದಲ್ಲಿ ಅರ್ಧ ಕಳೆಯುತ್ತಾರೆ. ವಯಸ್ಸು 27 ಅಂದರೆ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮ ತೀರ್ಪಿನ ಪಟ್ಟಿಯಂತೆ ಮಲ್ಟಿಪ್ಲೈಯರ್, ಅಂದರೆ ಉಳಿದ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ, 17. ಆ ತಾಯಿ ಮಗನ ಬಗ್ಗೆ ಹೇಳುತ್ತಿರುತ್ತಾರೆ, ನಾವು ಪೆನ್ನಿನಲ್ಲಿ 17ರಿಂದ ಗುಣಿಸುತ್ತಿರುತ್ತೇವೆ. ಗುಣಿಸದಿದ್ದರೆ ಅವರಿಗೆ ಪರಿಹಾರ ಸಿಗುವುದಿಲ್ಲ. ಆಮೇಲೆ ಪೋಸ್ಟ್ ಮಾರ್ಟಂ ರಿಪೋರ್ಟು, ಫೋಟೋ. ಮುಂದಿನ ಪಾರ್ಟಿ ಬಾಗಿಲಲ್ಲಿ ನಿಂತಿರುತ್ತಾರೆ. ಈ ಎರಡರ ನಡುವೆ ಉಸಿರು ಬಿಡುವುದಕ್ಕೂ ನಮ್ಮ ಆಫೀಸುಗಳಲ್ಲಿ ಜಾಗ ಇಲ್ಲ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೋ ಕೇಸಿನಲ್ಲಿ ಮಗುವಿಗೆ ನಾವು ನೇರವಾಗಿ ಪ್ರಶ್ನೆ ಕೇಳುವಂತಿಲ್ಲ. ಪ್ರಶ್ನೆಗಳನ್ನು ಕೋರ್ಟಿಗೆ ಕೊಡಬೇಕು, ನ್ಯಾಯಾಧೀಶರು ಕೇಳುತ್ತಾರೆ. ಮಗುವಿನ ರಕ್ಷಣೆಗೆ ಇದು ಬೇಕೇ ಬೇಕು. ಅಂದರೆ ಆರೋಪಿಯ ಪರ ಇರುವ ವಕೀಲರು ಆ ಪ್ರಶ್ನೆಗಳನ್ನು ಮೊದಲೇ, ಒಂದೊಂದಾಗಿ ಬರೆಯಬೇಕು. ಎಷ್ಟೋ ಸಲ ರಾತ್ರಿ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ ತಮ್ಮ ಮಕ್ಕಳು ಮಲಗಿರುವಾಗ. ನನ್ನದೊಂದು ಬೇಡಿಕೆ: ಇಂಥ ಫೈಲುಗಳನ್ನು ಮನೆಗೆ ಒಯ್ಯಬೇಡಿ. ತಡವಾದರೂ ಆಫೀಸಿನಲ್ಲೇ ಮುಗಿಸಿ. ಮನೆಯಲ್ಲಿ ಒಂದು ಜಾಗವಾದರೂ ಆ ಕಾಗದಗಳು ಕಾಣದ ಜಾಗವಾಗಿರಲಿ.

ಇದನ್ನೆಲ್ಲ ಯಾರ ಹತ್ತಿರ ಹೇಳಿಕೊಳ್ಳುವುದು? ಕಕ್ಷಿದಾರರು ಹೇಳಿದ್ದನ್ನು ಬಾಯಿ ಬಿಡುವಂತಿಲ್ಲ. ಮೊದಲು ಸಾಕ್ಷ್ಯ ಕಾಯ್ದೆಯ 126, ಈಗ ಹೊಸ ಅಧಿನಿಯಮದ 132. ಈ ನಿಯಮವನ್ನು ನಾವು ಪ್ರಾಣದಂತೆ ಕಾಯುತ್ತೇವೆ, ಕಾಯಲೇಬೇಕು. ಆದರೆ ಕಾಯುತ್ತಾ ಕಾಯುತ್ತಾ ನಮ್ಮ ಸಂಕಟವನ್ನೂ ಗುಟ್ಟಿನ ಪಟ್ಟಿಗೆ ಸೇರಿಸಿಬಿಟ್ಟಿದ್ದೇವೆ. ಕಾನೂನು ಅದನ್ನು ಕೇಳಿಲ್ಲ. ಹೆಸರು, ಊರು, ಸಂಗತಿ ಯಾವುದನ್ನೂ ಹೇಳದೆ "ಇವತ್ತು ನೋಡಿದ ಒಂದು ಕೇಸು ಮನಸ್ಸಿಗೆ ಬಹಳ ಕಷ್ಟ ಕೊಟ್ಟಿತು" ಅಂತ ಹೆಂಡತಿಗೋ ಗಂಡನಿಗೋ ಗೆಳೆಯರಿಗೋ ಹೇಳಬಹುದು. ಅಷ್ಟು ಹೇಳಿದರೆ ಸಾಕು, ಇವರು ಯಾಕೆ ಸುಮ್ಮನಿದ್ದಾರೆ, ಯಾಕೆ ಸಿಡುಕುತ್ತಾರೆ ಅಂತ ಮನೆಯವರಿಗೆ ಅರ್ಥವಾಗುತ್ತದೆ.

ಹೇಳಿಕೊಳ್ಳದಿದ್ದರೆ ಅದು ಬೇರೆ ದಾರಿ ಹಿಡಿಯುತ್ತದೆ. ಅಮೆರಿಕದಲ್ಲಿ 12,825 ವಕೀಲರನ್ನು ಕೇಳಿ ನಡೆಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಸುಮಾರು ಐವರಲ್ಲಿ ಒಬ್ಬರ ಕುಡಿತ ತೊಂದರೆಯ ಮಟ್ಟ ಮುಟ್ಟಿತ್ತು. ಶೇಕಡಾ 28 ಜನರಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಅದರಲ್ಲೂ ಗಮನಿಸಬೇಕಾದ್ದು, ವೃತ್ತಿಗೆ ಬಂದ ಮೊದಲ ಹತ್ತು ವರ್ಷದವರಲ್ಲೇ ಕುಡಿತದ ತೊಂದರೆ ಜಾಸ್ತಿ ಇತ್ತು. ಅದು ಅವರ ದೇಶದ ಅಂಕಿ. ಆದರೆ ದೊಡ್ಡ ಕೇಸು ಗೆದ್ದ ದಿನವೂ, ಸೋತ ದಿನವೂ ಜೂನಿಯರನ್ನು ಒಂದೇ ಕಡೆ ಕರೆದುಕೊಂಡು ಹೋಗುವ ರೂಢಿ ನಮ್ಮಲ್ಲೂ ಇದೆ. ಅದು ಪ್ರೀತಿಯಿಂದ ಮಾಡುವುದೇ. ಹಿರಿಯರು ಆ ಪ್ರೀತಿಯನ್ನು ಒಂದು ಒಳ್ಳೆಯ ಊಟದಲ್ಲಿ ತೋರಿಸಿದರೆ ಎಷ್ಟೋ ಹುಡುಗರು ಉಳಿಯುತ್ತಾರೆ.

ಹಿರಿಯರ ವಿಷಯಕ್ಕೇ ಬಂದೆ, ಹೇಳಿಬಿಡುತ್ತೇನೆ. ಫ್ರಾನ್ಸಿನಲ್ಲಿ 2017ರ ಜನವರಿಯಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ, ಕೆಲಸದ ಹೊತ್ತು ಮುಗಿದ ಮೇಲೆ ಫೋನಿನಿಂದ ದೂರ ಇರುವುದನ್ನು ನೌಕರರ ಹಕ್ಕು ಅಂತ ಕಾನೂನು ಒಪ್ಪಿದೆ. ಅಂಥ ಕಾನೂನು ಇಲ್ಲಿ ಬಂದರೂ ನಮಗೆ ತಾಗುವುದು ಕಷ್ಟ. ಪ್ರಾಕ್ಟೀಸ್ ಮಾಡುವ ವಕೀಲರು ಪೂರ್ಣಾವಧಿಯ ಸಂಬಳದ ನೌಕರರಾಗಬಾರದು ಅಂತ ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ನಮ್ಮ ಜೂನಿಯರುಗಳು ನೌಕರರಲ್ಲ. ಹಾಗಾಗಿ ಅವರಿಗೆ ಕೆಲಸದ ಗಂಟೆ ಇಲ್ಲ, ರಜೆಯ ಲೆಕ್ಕ ಇಲ್ಲ. ಸೀನಿಯರಿನ ಒಳ್ಳೆಯತನವೇ ಅವರಿಗಿರುವ ಕಾನೂನು. 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ, ಜೂನಿಯರುಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಶಿಫಾರಸು ಮಾಡಿತು. ಬರೀ ಶಿಫಾರಸು. ಮುಂದಿನ ತಿಂಗಳ ಬಾಡಿಗೆಗೆ ದುಡ್ಡಿಲ್ಲದ ಹುಡುಗಿಗೆ "ಒತ್ತಡ ಮಾಡ್ಕೋಬೇಡಮ್ಮ" ಅಂತ ಹೇಳುವುದರಲ್ಲಿ ಅರ್ಥ ಇಲ್ಲ. ಮೊದಲು ಕೈಗೆ ಅಷ್ಟು ಹಣ ಕೊಡಿ. ಈ ಮಾತು ಕೆಲವು ಹಿರಿಯರಿಗೆ ಕಹಿಯಾಗಬಹುದು, ಆದರೂ ಹೇಳುತ್ತೇನೆ.

ನೆರವು ಬೇಕಾದಾಗ ಎಲ್ಲಿ ಹೋಗಬೇಕು? ಎರಡು ವಾರ ನಿದ್ದೆ ಇಲ್ಲ, ಕೋರ್ಟ್ ಹಾಲಿನ ಬಾಗಿಲಲ್ಲೇ ಎದೆ ಹೊಡೆದುಕೊಳ್ಳುತ್ತದೆ, ಫೈಲು ಬಿಚ್ಚಲೂ ಮನಸ್ಸಿಲ್ಲ ಅನ್ನುವ ಸ್ಥಿತಿ ಇದ್ದರೆ ಡೈರಿ, ವಾಕಿಂಗು ಅಂತ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸುತ್ತಿದ್ದರೆ ಇವತ್ತೇ ಮಾಡಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಮಾಡಿ.

"ಚಿಕಿತ್ಸೆ ತೆಗೆದುಕೊಂಡರೆ ವಕೀಲಿಕೆಯ ಸನ್ನದಿಗೆ ತೊಂದರೆ ಆಗುತ್ತಾ ಸಾರ್?" ಇದನ್ನು ನನ್ನನ್ನು ಪಿಸುಮಾತಿನಲ್ಲಿ ಕೇಳಿದವರಿದ್ದಾರೆ. ವಕೀಲರ ಕಾಯ್ದೆ, 1961ರ 24ಎ ಕಲಮನ್ನು ನೀವೇ ತೆಗೆದು ಓದಿ. ನೋಂದಣಿಗೆ ಅನರ್ಹತೆಗಳು ಅಲ್ಲಿವೆ: ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆ, ಅಸ್ಪೃಶ್ಯತೆ ಆಚರಣೆಯ ಅಪರಾಧ, ನೈತಿಕ ಅಧಃಪತನದ ಆರೋಪದ ಮೇಲೆ ಸರ್ಕಾರಿ ಕೆಲಸದಿಂದ ವಜಾ. ಖಿನ್ನತೆಗೆ ಮಾತ್ರೆ ನುಂಗಿದ್ದು ಅಲ್ಲಿಲ್ಲ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017ರ 23ನೇ ಕಲಂ ನಿಮ್ಮ ಚಿಕಿತ್ಸೆಯ ಗುಟ್ಟನ್ನು ಕಾಯುತ್ತದೆ. ಅದೇ ಕಾಯ್ದೆಯ 21ನೇ ಕಲಂ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವ ರೀತಿಯಲ್ಲೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಬೇರೆಯವರ ಹಕ್ಕಿಗೆ ದಿನವಿಡೀ ವಾದ ಮಾಡುವ ನಾವು ನಮ್ಮ ಈ ಹಕ್ಕುಗಳನ್ನೂ ತಿಳಿದಿರಬೇಕು.

ಉಪನ್ಯಾಸ ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬ ವಕೀಲೆ ಕೇಳಿದರು: "ಮನೆಗೆ ಹೋದರೆ ನನಗೆ ಅಡುಗೆ, ಮಗುವಿನ ಹೋಂವರ್ಕು. ಕೆಲಸ ಬಿಟ್ಟು ಹೋಗುವುದು ಇನ್ನೊಂದು ಕೆಲಸಕ್ಕೇ. ನಿಮ್ಮ ಮಾತು ನನಗೆ ಹೇಗೆ ಅನ್ವಯಿಸುತ್ತೆ ಸಾರ್?" ಅವರ ಮಾತು ಸರಿ. ಕೇಸಿನಿಂದ ಬಿಡುವು ಸಿಕ್ಕರೆ ಸಾಲದು, ಮನೆಗೆಲಸದಿಂದಲೂ ಅರ್ಧ ಗಂಟೆ ಬಿಡುವು ಬೇಕು. ಅದನ್ನು ಅವರೊಬ್ಬರೇ ಹೊಂದಿಸಿಕೊಳ್ಳಲು ಆಗುವುದಿಲ್ಲ. ಮನೆಯ ಗಂಡಸರು ಒಲೆಯ ಮುಂದೆ ನಿಲ್ಲಬೇಕು. ಸಂಘದಿಂದ ಆಗುವ ಕೆಲಸವೂ ಒಂದಿದೆ: ಕೋರ್ಟಿನ ಆವರಣದಲ್ಲಿ ಶಿಶುಪಾಲನಾ ಕೊಠಡಿ ಇಲ್ಲದ ಕಡೆ ಅದಕ್ಕಾಗಿ ಜಿಲ್ಲಾ ನ್ಯಾಯಾಧೀಶರಿಗೆ ಮನವಿ ಕೊಡುವುದು. ಅಧ್ಯಕ್ಷರು ಒಪ್ಪಿದ್ದಾರೆ. ಕರಡು ನಾನೇ ಬರೆದುಕೊಡುತ್ತೇನೆ ಅಂದಿದ್ದೇನೆ.

ಇನ್ನೊಂದು ಪ್ರಶ್ನೆ ಒಬ್ಬ ಹೊಸ ಹುಡುಗನದು: "ರಾತ್ರಿ ಹನ್ನೊಂದಕ್ಕೆ ಸೀನಿಯರ್ ಮೆಸೇಜ್ ಮಾಡಿದರೆ ಉತ್ತರ ಕೊಡದೆ ಇರೋಕಾಗುತ್ತಾ?" ಆಗುವುದಿಲ್ಲ, ನಿಜ. ಆದರೆ ಕೆಲಸ ಅಲ್ಲೇ ಶುರು ಮಾಡಬೇಕಾಗಿಲ್ಲ. "ನೋಡಿದೆ ಸಾರ್. ನಾಳೆ ಬೆಳಿಗ್ಗೆ ಏಳೂವರೆಗೆ ಡ್ರಾಫ್ಟ್ ನಿಮ್ಮ ಟೇಬಲ್ ಮೇಲಿರುತ್ತೆ" ಅಂತ ಒಂದು ಸಾಲು ಕಳಿಸಿ. ಸೀನಿಯರಿಗೂ ಅದು ತಲೆಯಿಂದ ಇಳಿದುಹೋಗುತ್ತದೆ. ಅವರು ಮೆಸೇಜ್ ಮಾಡಿದ್ದೇ ಅದಕ್ಕೆ. ಬೆಳಿಗ್ಗೆ ಏಳೂವರೆಗೆ ಡ್ರಾಫ್ಟ್ ಅಲ್ಲಿರಲೇಬೇಕು, ಅದು ನಿಮ್ಮ ಕಡೆಯ ಜವಾಬ್ದಾರಿ. ನಾಲ್ಕು ಸಲ ಹಾಗೆ ಸಿಕ್ಕಿದರೆ ಐದನೇ ಸಲ ಅವರೇ ಬೆಳಿಗ್ಗೆ ಹೇಳಿದರಾಯಿತು ಅಂತ ಬಿಡುತ್ತಾರೆ. ಬಿಡದಿದ್ದರೆ ಒಂದು ದಿನ ಕಾಫಿಗೆ ಕೂತಾಗ, ಕೋರ್ಟಿನ ಗಡಿಬಿಡಿ ಇಲ್ಲದ ಹೊತ್ತಿನಲ್ಲಿ, ನೇರವಾಗಿ ಕೇಳಿ: "ಸಾರ್, ತುರ್ತು ಇದ್ದರೆ ಫೋನ್ ಮಾಡಿ, ಖಂಡಿತ ತೆಗೆಯುತ್ತೇನೆ. ಉಳಿದದ್ದು ಬೆಳಿಗ್ಗೆಗೆ ಇಟ್ಟುಕೊಳ್ಳೋಣವಾ?" ಮುಂದಿನ ಸಾಲಿನಲ್ಲಿ ಅವನ ಸೀನಿಯರ್ ಕೂತಿದ್ದರು. ಅವರು ಅಲ್ಲೇ ಎದ್ದು "ಆಯ್ತಪ್ಪ, ನಾಳೆಯಿಂದ ಹಾಗೇ ಮಾಡೋಣ" ಅಂದರು.